ಎಡದಿಂದ ಮೂರನೆಯ ಕುಂಡದ ಸಿಪ್ಪೆ ಹೊಲಿಗೆ ವಿಭಾಗಕ್ಕೆ

ಇವರಿಗೆ,
ಮುಖ್ಯಸ್ಥರು, ಸಿಪ್ಪೆ ಹೊಲಿಗೆ ವಿಭಾಗ,
ಟೊಮೆಟೊ ಗಿಡ, ಎಡದಿಂದ ಮೂರನೆಯ ಕುಂಡ,
ಹೊಲಿಗೆ ಅಂಗಡಿಯ ಹಿತ್ತಲು.

ವಿಷಯ: ಸರಬರಾಜಾದ ಹಣ್ಣುಗಳ ಮೇಲುಡುಪು ಪದೇ ಪದೇ ಬಿರಿಯುತ್ತಿರುವ ಬಗ್ಗೆ.

ಮಾನ್ಯರಲ್ಲಿ ಮಾನ್ಯರಾದ ಮಹಾಶಯರೇ,

ತಾವೂ ತಮ್ಮ ಎಲೆ, ಕೊಂಬೆ, ಬೇರು ಮುಂತಾದ ಸಮಸ್ತ ಪರಿವಾರವೂ ಕ್ಷೇಮದಿಂದಿದ್ದೀರೆಂದು ನಂಬಿ, ಕೈಯಲ್ಲಿದ್ದ ಕತ್ತರಿಯನ್ನು ಸೌಜನ್ಯಕ್ಕಾಗಿ ಮೇಜಿನ ಮೇಲಿಟ್ಟು, ಎರಡೂ ಕೈ ಜೋಡಿಸಿ ವಂದಿಸಿ, ಈ ಪತ್ರ ಬರೆಯುತ್ತಿದ್ದೇನೆ. ನಾನು ತಮಗೆ ಅಪರಿಚಿತನಲ್ಲ. ತಾವು ಒರಗಿಕೊಂಡಿರುವ ಕೋಲು ನನ್ನ ಹಳೆಯ ಅಳತೆಗೋಲು; ತಮ್ಮ ಸೊಂಟವನ್ನು ಅದಕ್ಕೆ ಬಿಗಿದಿರುವ ಪಟ್ಟಿ, ಈ ಬೀದಿಯ ದಂತವೈದ್ಯರ ಕೋಟಿನ ಅಸ್ತರಿನಿಂದ ಅವರಿಗೆ ತಿಳಿಯದಂತೆ ಉಳಿಸಿಕೊಂಡದ್ದು. ಆರು ಕುಂಡಗಳಲ್ಲಿ ತಾವೇ ಎತ್ತರದವರೂ ಹಿರಿಯರೂ ಆಗಿರುವುದರಿಂದ ಈ ಪತ್ರವನ್ನು ತಮ್ಮ ಹೆಸರಿಗೆ ಬರೆದಿದ್ದೇನೆ. ಉಳಿದ ಐವರೂ ತಮ್ಮನ್ನು ನೋಡಿಯೇ ಕೆಟ್ಟಿರುವುದರಿಂದ ಅವರಿಗೂ ಇದು ಅನ್ವಯಿಸುತ್ತದೆ.

ದೂರಿನ ಪತ್ರ ಬರೆಯುವುದು ನನಗೆ ಇದೇ ಮೊದಲು. ಓದುವುದು ಮಾತ್ರ ಮೂವತ್ತನಾಲ್ಕು ವರ್ಷಗಳ ರೂಢಿ. ಅಂಗಿಯ ತೋಳು ಗಿಡ್ಡವಾಯಿತೆಂದು, ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಮೊದಲೇ ನೆಲ ಮುಟ್ಟುತ್ತದೆಂದು, ಮದುವೆ ಮುಗಿದು ಮೂರು ವಾರಕ್ಕೆ ಮದುವಣಿಗನ ಕೋಟು ಬಂತೆಂದು ಗಿರಾಕಿಗಳು ಬರೆದ ಪತ್ರಗಳನ್ನು ನಾನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದೇನೆ. ಅವುಗಳಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರದು ಬಹಳ ಸೊಗಸಾದ ಶೈಲಿ. ‘ತಮ್ಮ ಕೈಚಳಕದ ಬಗ್ಗೆ ಅಪಾರ ಗೌರವವನ್ನು ಇಟ್ಟುಕೊಂಡೇ’ ಎಂದು ಶುರುಮಾಡಿ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನನ್ನನ್ನು ಪೊಲೀಸರಿಗೆ ಒಪ್ಪಿಸಿರುತ್ತಾರೆ. ಈ ಪತ್ರಕ್ಕಾಗಿ ನಾನು ಅವರ ಕೆಲವು ವಾಕ್ಯಗಳನ್ನು ಬಿಚ್ಚಿ ನನ್ನ ಅಳತೆಗೆ ಹೊಲಿದುಕೊಂಡಿದ್ದೇನೆ. ಅಲ್ಲಲ್ಲಿ ಪ್ಯಾಂಟಿನ ವಾಸನೆ ಬಂದರೆ ಕ್ಷಮಿಸಬೇಕು.

ತಮ್ಮ ಕೈಚಳಕದ ಬಗ್ಗೆ ಅಪಾರ ಗೌರವವನ್ನು ಇಟ್ಟುಕೊಂಡೇ ತಿಳಿಸುವುದೇನೆಂದರೆ, ಈ ಕಾಲದ ಮೊದಲ ಹಣ್ಣು ಕೆಂಪೇರಿದ ದಿನ ನಾನು ಅಂಗಡಿಗೆ ಬಂದವರನ್ನೆಲ್ಲ, ಅಳತೆ ಕೊಡಲು ಬಂದವರನ್ನೂ ಬರೀ ವಿಳಾಸ ಕೇಳಲು ಬಂದವರನ್ನೂ, ಹಿತ್ತಲಿಗೆ ಕರೆದೊಯ್ದು ತೋರಿಸಿದೆ. ಮರುದಿನ ಬೆಳಿಗ್ಗೆ ಅದು ತೊಟ್ಟಿನ ಬುಡದಿಂದ ಹೊಟ್ಟೆಯ ತನಕ ಬಾಯಿಬಿಟ್ಟುಕೊಂಡು ನೇತಾಡುತ್ತಿತ್ತು. ಎರಡನೆಯದು ಹಾಗೆ ಮಾಡಲಿಲ್ಲ. ಅದು ಹೆಗಲ ಸುತ್ತ ಉಂಗುರ ಉಂಗುರವಾಗಿ ಸೀಳಿಕೊಂಡಿತು, ನಾನೇ ಸೀಮೆಸುಣ್ಣ ಹಿಡಿದು ಕಾಲರಿಗೆ ಗುರುತು ಹಾಕಿದ್ದರೂ ಅಷ್ಟು ಸಮನಾಗಿ ಬರುತ್ತಿರಲಿಲ್ಲ. ಆಮೇಲೆ ಒಂದೇ ಗೊಂಚಲಿನ ಐದು ಹಣ್ಣುಗಳು ಒಂದೇ ದಿನ ಒಮ್ಮತದಿಂದ ಬಿರಿದವು. ಇಂಥ ಒಗ್ಗಟ್ಟು ನಮ್ಮ ಬೀದಿಯ ಅಂಗಡಿಗಳವರ ಸಂಘದಲ್ಲಿ ಇಂದಿನವರೆಗೂ ಕಂಡಿಲ್ಲ. ಕಾಯಿ ಹಸಿರಾಗಿರುವಷ್ಟು ಕಾಲ ತಮ್ಮ ಹೊಲಿಗೆ ಕಬ್ಬಿಣದ ಹಾಗಿರುತ್ತದೆ. ಕೀಳಬಹುದು ಎಂದು ನಾನು ಬಟ್ಟಲು ತೊಳೆದಿಟ್ಟ ಮರುಬೆಳಿಗ್ಗೆಯೇ ಅದು ಬಿಚ್ಚಿಕೊಳ್ಳುತ್ತದೆ. ಹೀಗೆ ಬಿರಿದ ಹಣ್ಣುಗಳ ಸಂಖ್ಯೆ ಕಳೆದ ತಿಂಗಳ ಕೊನೆಗೆ ನಲವತ್ತೊಂದು.

ಒಬ್ಬ ದರ್ಜಿಯಾಗಿ ಇನ್ನೊಬ್ಬ ದರ್ಜಿಗೆ ಹೇಳಲೇಬೇಕಾದ ಮಾತೊಂದಿದೆ, ತಪ್ಪು ತಿಳಿಯಬಾರದು. ನಾವು ಶಾಲೆಯ ಸಮವಸ್ತ್ರ ಹೊಲಿಯುವಾಗ ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟೇ ಬಿಡುತ್ತೇವೆ. ತಾಯಂದಿರು ಹೇಳದಿದ್ದರೂ ಬಿಡುತ್ತೇವೆ, ಹೇಳಿದರೆ ಮೂರು ಬೆರಳು. ಮಗು ಬೆಳೆದಂತೆಲ್ಲ ಆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುವುದು, ಉದ್ದ ಇಳಿಸಿಕೊಡುವುದು, ಇದರಲ್ಲಿಯೇ ಎಷ್ಟೋ ದರ್ಜಿಗಳ ಮನೆ ನಡೆದಿದೆ. ತಾವಾದರೋ ಹಣ್ಣಿಗೆ ಆ ದಿನದ ಮೈಯಳತೆ ನೋಡಿ, ಒಂದು ನೂಲಿನಷ್ಟೂ ಹೆಚ್ಚಿಗೆ ಬಿಡದೆ, ಚರ್ಮಕ್ಕೆ ಚರ್ಮ ಅಂಟಿಸಿದ ಹಾಗೆ ಹೊಲಿದು ಕಳಿಸುತ್ತೀರಿ. ಉಸಿರು ಎಳೆದುಕೊಂಡರೆ ಗುಂಡಿ ಹಾರುವ ಅಂಗಿ ಇದು. ಬೆಳೆಯುವ ಮೈಗೆ ಹೊಲಿಯುತ್ತಿದ್ದೇವೆ ಎಂಬ ಸಾಮಾನ್ಯ ಜ್ಞಾನವನ್ನು ಯಾವ ಹೊಲಿಗೆ ಶಾಲೆಯಲ್ಲಾದರೂ ಮೊದಲ ವಾರವೇ ಹೇಳಿಕೊಡುತ್ತಾರೆ.

ಇದೆಲ್ಲ ಬರೀ ಹಣ್ಣಿನ ಮಾತಾಗಿದ್ದರೆ ನಾನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ತಮ್ಮ ಹಿಂದೆಯೇ ನಮ್ಮ ಅಂಗಡಿಯ ಹಿಂಬಾಗಿಲಿದೆ, ಆ ಬಾಗಿಲ ಹಿಂದೆ ನಮ್ಮ ಅಕ್ಕ ಇದ್ದಾಳೆ. ಅಂಗಡಿ ನಮ್ಮಿಬ್ಬರದು. ನಾನು ಕತ್ತರಿಸಿ ಹೊಲಿಯುತ್ತೇನೆ. ಅವಳು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕುಳಿತು ಕಾಜಾ ಹೊಲಿಯುತ್ತಾಳೆ, ಗುಂಡಿ ಹಚ್ಚುತ್ತಾಳೆ, ಗಿರಾಕಿಗಳಿಗೆ ಬುದ್ಧಿ ಹೇಳುತ್ತಾಳೆ. ಈಗ ಹೊಸ ಬಟ್ಟೆ ಹೊಲಿಸುವವರು ಕಡಿಮೆ, ಸಿದ್ಧ ಉಡುಪು ತಂದು ಸರಿಮಾಡಿಸಿಕೊಳ್ಳುವವರೇ ಹೆಚ್ಚು. ಹಾಗಾಗಿ ಹಬೆ ಇಸ್ತ್ರಿಯ ದೊಡ್ಡ ಮೇಜೊಂದನ್ನು ತರಿಸೋಣ, ಅದಕ್ಕೆ ಹಿತ್ತಲಲ್ಲಿ ಒಂದು ತಗಡಿನ ಮಾಡು ಇಳಿಸೋಣ ಎಂದು ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು, ನಾನು ಎರಡು ವರ್ಷದಿಂದ ಹೂಂಗುಟ್ಟುತ್ತಿದ್ದೆ. ಈ ಸಲ ಅವಳು ಹೇಳದೆಯೇ ಮೇಜನ್ನು ತರಿಸಲು ಒಪ್ಪಂದ ಮಾಡಿಕೊಂಡು ಬಂದು, ಹಿತ್ತಲ ಬಾಗಿಲಲ್ಲಿ ನಿಂತು ಆರು ಕುಂಡಗಳ ಮೇಲೆ ಕಣ್ಣಾಡಿಸಿದಳು. ನಾನು ಏನೇನೋ ಹೇಳಿದೆ. ಕೊನೆಗೆ ಅವಳೇ ಒಂದು ಷರತ್ತು ಹಾಕಿದಳು: “ಮೇಜು ಬರೋ ದಿನಕ್ಕೆ ಮೂರು ಹಣ್ಣು ತಂದು ನನ್ನ ಮುಂದಿಡು. ಕೆಂಪಗಿರಬೇಕು, ಇಡಿಯಾಗಿರಬೇಕು, ಒಂದು ಗೆರೆ ಕಾಣಬಾರದು. ಇಟ್ಟರೆ ಹಿತ್ತಲು ನಿಂದು. ಇಲ್ಲ ಅಂದ್ರೆ ಕುಂಡ ಎಲ್ಲ ಸಸಿ ಮಾರೋರಿಗೆ ವಾಪಸ್ಸು.”

ತಾವು ಕೇಳಬಹುದು, ಐವತ್ತೆಂಟು ವರ್ಷದ ಗಂಡಸಿಗೆ ಆರು ಕುಂಡಗಳ ಮೇಲೆ ಇಷ್ಟೇಕೆ ಮೋಹ ಎಂದು. ಹೇಳುತ್ತೇನೆ, ನಗಬಾರದು. ಮೂವತ್ತನಾಲ್ಕು ವರ್ಷ ನಾನು ಮಾಡಿದ್ದೆಲ್ಲ ಬೇರೆಯವರ ಮೈಯಳತೆಗೆ ಮಾಡಿದ್ದು. ಮುಗಿದ ದಿನವೇ ಅದು ಚೀಲದಲ್ಲಿ ಮಡಚಿಕೊಂಡು ಬಾಗಿಲು ದಾಟಿಹೋಗುತ್ತದೆ, ಆಮೇಲೆ ಅದು ಬೀದಿಯಲ್ಲಿ ನನ್ನೆದುರೇ ನಡೆದುಹೋದರೂ ನನ್ನ ಗುರುತು ಹಿಡಿಯುವುದಿಲ್ಲ. ಇಲ್ಲಿ ಹಿಂದೆ, ಅರ್ಧ ಕೋಣೆಯಷ್ಟು ಜಾಗದಲ್ಲಿ, ಯಾರೂ ಅಳತೆ ಕೊಡದೆ, ಯಾರೂ ಯಾವಾಗ ಕೊಡುತ್ತೀರಿ ಎಂದು ಕೇಳದೆ ಒಂದು ವಸ್ತು ಬೆಳೆಯುತ್ತಿತ್ತು. ಅದು ಇದ್ದರೆ ನನಗೆ ಸಂತೋಷವಾಗುತ್ತಿತ್ತು. ಅದು ಹೋಗುತ್ತದೆ ಎಂದಾಗ ನನಗೆ ಅಳು ಬಂತು, ನೂಲಿನ ಉಂಡೆ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಸ್ವಲ್ಪ ಹೊತ್ತು ಕುಳಿತಿದ್ದೆ.

ಇಷ್ಟು ದೊಡ್ಡ ಜವಾಬ್ದಾರಿಯನ್ನು ತಮ್ಮಂಥ ಪರಿಣತರ ಮೇಲೆ ಬಿಟ್ಟು ಸುಮ್ಮನಿರುವುದು ಸರಿಯಲ್ಲವೆಂದು ನಾನು ನನ್ನ ಕೈಲಾದ ಸಹಾಯಕ್ಕೆ ನಿಂತೆ. ಪ್ರತಿದಿನ ಟೇಪು ಹಿಡಿದು ಬಂದು ಕಾಯಿಗಳ ಎದೆಸುತ್ತಳತೆ ತೆಗೆದು ಅಳತೆಪುಸ್ತಕದಲ್ಲಿ ಬರೆದಿಟ್ಟೆ. ಆ ಪುಟದಲ್ಲಿ ತಾವು ತಾಲೂಕು ಕಚೇರಿಯ ಮೇಲ್ವಿಚಾರಕರಿಗೂ ಸಂಗೀತದ ಮೇಷ್ಟರಿಗೂ ನಡುವೆ ಇದ್ದೀರಿ. ಸಿಪ್ಪೆಗೆ ಆಸರೆ ಬೇಕೆಂದು ತೋರಿ, ನಾಲ್ಕು ಕಾಯಿಗಳಿಗೆ ತೆಳುವಾದ ಹತ್ತಿಬಟ್ಟೆಯಲ್ಲಿ ಒಂದೊಂದು ಕುಪ್ಪಸ ಹೊಲಿದೆ. ಕತ್ತಿಗೆ ಇಲಾಸ್ಟಿಕ್, ಕೆಳಗೆ ಎರಡು ಪಟ್ಟಿ, ಬೆನ್ನಿಗೆ ಒಂದು ಹುಕ್ಕು. ನಾಲ್ಕನೆಯದಕ್ಕೆ ಹುಕ್ಕು ಹಚ್ಚುತ್ತಿದ್ದಾಗ ಅಕ್ಕ ತಲೆಯೆತ್ತಿ ನೋಡಿ, “ಊರಿನ ಇನ್ಸ್‌ಪೆಕ್ಟರು ಪ್ಯಾಂಟಿಲ್ಲದೆ ಕೂತಿದಾರೆ, ನೀನು ಕಾಯಿಗೆ ಅಂಗಿ ಹೊಲಿ” ಎಂದಳು. ಕುಪ್ಪಸ ತೊಟ್ಟ ನಾಲ್ಕೂ ಹಣ್ಣುಗಳು ಕುಪ್ಪಸದ ಒಳಗೇ ಬಿರಿದವು. ವ್ಯತ್ಯಾಸವೆಂದರೆ, ಉಳಿದವು ಬಿರಿದದ್ದು ಅಂದೇ ಗೊತ್ತಾಗುತ್ತಿತ್ತು. ಇವುಗಳದು ಇರುವೆಗಳು ಸಾಲುಗಟ್ಟಿ ಕತ್ತಿನಿಂದ ಹೊರಬಂದಾಗ ಗೊತ್ತಾಯಿತು. ಸೀಳಿನಲ್ಲಿ ಬೂಷ್ಟು ಬೇರೆ ಹಿಡಿದಿತ್ತು. ನನ್ನ ಹೊಲಿಗೆ ಮಾತ್ರ ಎಲ್ಲಿಯೂ ಬಿಚ್ಚಿರಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಮೇಜು ಬರಲು ಮೂರು ವಾರ ಉಳಿದಿದ್ದಾಗ ಸಸಿ ಮಾರುವವರು ವಾಪಸ್ಸು ಒಯ್ಯಬೇಕಾದ ಕುಂಡಗಳನ್ನು ನೋಡಿಕೊಂಡು ಹೋಗಲು ಬಂದರು. ಅವರ ಕೋಟಿನ ಬಟ್ಟೆ ನಮ್ಮಲ್ಲಿ ಎರಡು ತಿಂಗಳಿನಿಂದ ಇದೆ ಎಂಬುದನ್ನು ಪ್ರಾಮಾಣಿಕತೆಯ ದೃಷ್ಟಿಯಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ತಮ್ಮ ಬುಡದ ಮಣ್ಣಿಗೆ ಬೆರಳು ಚುಚ್ಚಿ, ಬೆರಳು ಒಣಗಿಯೇ ಹೊರಬಂದದ್ದನ್ನು ನೋಡಿ, ನೀರು ಯಾವಾಗ ಹಾಕುತ್ತೀರಿ ಎಂದು ಕೇಳಿದರು. ಅಂಗಡಿಗೆ ರಜೆ ಇರುವ ದಿನ, ವಾರಕ್ಕೊಮ್ಮೆ, ಆದರೆ ಕುಂಡಕ್ಕೆ ಮೂರು ಬಕೆಟ್ಟು ಹಾಕುತ್ತೇನೆ, ಅದರಲ್ಲಿ ಜಿಪುಣತನವಿಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಬೆರಳಿನ ಧೂಳು ಕೊಡವಿಕೊಂಡರು. “ಮಾಸ್ಟ್ರೇ, ಆರು ದಿನ ಒಣಗಿಸ್ತೀರಿ, ಏಳನೇ ದಿನ ಮುಳುಗಿಸ್ತೀರಿ. ಬಾಯಾರಿದ ಗಿಡ ಒಂದೇ ಸಲಕ್ಕೆ ಕುಡಿದುಬಿಡುತ್ತೆ, ಒಳಗಡೆ ತಿರುಳು ಊದಿಕೊಳ್ಳುತ್ತೆ, ಸಿಪ್ಪೆಗೆ ಅಷ್ಟು ಬೇಗ ಹಿಗ್ಗೋಕೆ ಆಗಲ್ಲ, ಒಡೆಯುತ್ತೆ. ಗಿಡದ್ದೇನು ತಪ್ಪು?” ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವರನ್ನು ಇಂದಿಗೂ ಸಜ್ಜನರೆಂದೇ ಭಾವಿಸುತ್ತಿದ್ದೆ. “ನನ್ನ ಕೋಟು ಹೊಲಿಯೋ ಥರಾನೇ ನೀರೂ ಹಾಕ್ತಿದೀರಿ ನೋಡಿ. ದಿನಾ ಮುಟ್ಟೋದಿಲ್ಲ, ಕೊನೇ ದಿನ ಎದ್ದುಬಿದ್ದು ಎಲ್ಲ ಒಟ್ಟಿಗೆ. ಬೀದೀಲಿ ನಿಮ್ಮನ್ನ ಏನಂತ ಕರೀತಾರೆ ಗೊತ್ತಾ? ನಾಳೆ ಟೈಲರ್ ಅಂತ.”

ಒಳಗಿನಿಂದ ಅಕ್ಕ ನಗುವುದು ಕೇಳಿಸಿತು. ಅವಳು ಹಾಗೆ ನಕ್ಕು ವರ್ಷಗಳಾಗಿದ್ದವು, ಅದಕ್ಕೆ ಕಾರಣ ನಾನೇ ಆದೆನಲ್ಲ ಎಂದು ಒಂದು ಕಡೆ ಸಮಾಧಾನವೂ ಆಯಿತು.

ಮಾನ್ಯರೇ, ಈ ಆರೋಪವನ್ನು ನಾನು ತಮ್ಮ ಪರವಾಗಿ ತೀವ್ರವಾಗಿ ಖಂಡಿಸುತ್ತೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹೊಲಿದವರು ತಾವು, ಬಿರಿದದ್ದು ತಮ್ಮ ಹೊಲಿಗೆ, ಮಾತು ಕೇಳಬೇಕಾದವನು ನಾನೇ? ತಾವಾದರೂ ಮುಂದೆ ಬಂದು, ನೀರು ಎಷ್ಟು ಬಿದ್ದರೂ ಎಂದು ಬಿದ್ದರೂ ನನ್ನ ಸಿಪ್ಪೆಯ ಗುಣಮಟ್ಟಕ್ಕೆ ನಾನೇ ಹೊಣೆ ಎಂದು ಒಂದು ಹೇಳಿಕೆ ಕೊಡಬಹುದಿತ್ತು. ಇನ್ನು ಮುಂದೆಯಾದರೂ ಪ್ರತಿ ಹಣ್ಣಿನ ಸೊಂಟಕ್ಕೆ ಇಲಾಸ್ಟಿಕ್ ಕೂರಿಸಬೇಕೆಂದೂ, ಸಿಪ್ಪೆಯನ್ನು ಪೂರ್ತಿ ಹೊಲಿಯುವ ಮೊದಲು ಒಮ್ಮೆ ಕಚ್ಚಾ ಹೊಲಿಗೆ ಹಾಕಿ ಹಣ್ಣನ್ನು ಕರೆಸಿ ತೊಡಿಸಿ ನೋಡಬೇಕೆಂದೂ, ಬಿರಿಯಲೇಬೇಕೆಂಬ ಅನಿವಾರ್ಯವಿದ್ದಲ್ಲಿ ನೆರೆಯವರಿಗೆ ಕಾಣದ ಗೋಡೆಯ ಕಡೆಗೆ ಬಿರಿಯಬೇಕೆಂದೂ, ಅದಕ್ಕೂ ಎರಡು ದಿನ ಮೊದಲು ಲಿಖಿತವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇನೆ. ರಜೆಯ ದಿನ ಸುರಿದ ಮೂರು ಬಕೆಟ್ಟು ನೀರನ್ನು ಒಂದೇ ಗುಟುಕಿಗೆ ಕುಡಿಯದೆ, ಬೇರಿನಲ್ಲಿ ಒಂದು ತೊಟ್ಟಿ ಕಟ್ಟಿಸಿಕೊಂಡು ಆರು ದಿನಕ್ಕೆ ಹಂಚಿಕೊಳ್ಳುವ ಸಂಯಮವನ್ನು ತಮ್ಮಂಥ ಹಿರಿಯರಿಂದ ನಿರೀಕ್ಷಿಸುವುದು ತಪ್ಪೇ?

ಆದರೂ ಹಿತ್ತಲು ಉಳಿಯಬೇಕಿತ್ತಲ್ಲ. ಉರಿಯುವ ಮನೆಯಲ್ಲಿ ನಿಂತು ವಾದ ಮಾಡಲಾಗುವುದಿಲ್ಲ. ಅವಮಾನವನ್ನು ನುಂಗಿಕೊಂಡು ಸಸಿ ಮಾರುವವರು ಹೇಳಿದಂತೆಯೇ ಮಾಡಿದೆ. ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲು ಕುಂಡಕ್ಕೆ ಎರಡೆರಡು ಮಗ್ಗು ನೀರು, ಬುಡಕ್ಕೆ ಮಾತ್ರ. ತೇವ ಆರದಿರಲಿ ಎಂದು ಮಣ್ಣಿನ ಮೇಲೆ ಹೊದಿಕೆಗೆ ಹುಲ್ಲು ಹಾಕಿ ಎಂದರು. ಹುಲ್ಲು ಎಲ್ಲಿಂದ ತರಲಿ, ಕತ್ತರಿಸಿ ಉಳಿದ ಹತ್ತಿಬಟ್ಟೆಯ ಚಿಂದಿ ನಮ್ಮಲ್ಲಿ ಮೂಟೆಗಟ್ಟಲೆ ಇತ್ತು. ಹಾಗಾಗಿ ತಾವು ಈಗ ನೀಲಿ ಗೆರೆಯ ಅಂಗಿಬಟ್ಟೆಯ ಚೂರುಗಳಲ್ಲಿ ಕಾಲು ಹುದುಗಿಸಿಕೊಂಡು ನಿಂತಿದ್ದೀರಿ, ಅದು ತಮಗೆ ಒಪ್ಪುತ್ತದೆ. ಇನ್ನೊಂದು ಮಾತನ್ನೂ ಅವರು ಎರಡು ಸಲ ಹೇಳಿದ್ದರು: ಹಣ್ಣು ಗಿಡದಲ್ಲೇ ಪೂರ್ತಿ ಕೆಂಪಾಗಲಿ ಎಂದು ಕಾಯಬೇಡಿ, ಹಸಿರು ಬಿಟ್ಟು ಬಣ್ಣ ತಿರುಗಿದ ದಿನವೇ ಕಿತ್ತು ಒಳಗಿಟ್ಟು ಹಣ್ಣುಮಾಡಿ, ಮಳೆ ಬರುವ ಹಾಗಿದ್ದರಂತೂ ಕಿತ್ತೇ ಬಿಡಿ. ಬಣ್ಣ ತಿರುಗಿದ ಎರಡನ್ನು ಕಿತ್ತು, ಹೊಲಿದು ಮುಗಿಸಿದ ಬಟ್ಟೆಗಳ ಕಪಾಟಿನಲ್ಲಿ ಬಿಸಿಲು ಬೀಳದ ಕಡೆ ಇಟ್ಟೆ. ಅವು ಐದಾರು ದಿನಕ್ಕೆ ಗೆರೆಯಿಲ್ಲದೆ, ಕಲೆಯಿಲ್ಲದೆ ಕೆಂಪಾದವು. ಸಂಗೀತದ ಮೇಷ್ಟರು ತಮ್ಮ ಅಂಗಿಯ ಜೊತೆ ಇದೂ ಕೊಡುತ್ತೀರಾ ಎಂದು ಕೇಳಿದರು.

ದಿನಾ ಬೇಗ ಬರುವ ಈ ಶಿಕ್ಷೆಯಿಂದ ಒಂದು ಅನಾಹುತವೂ ಆಯಿತು. ನೀರು ಹಾಕಿಯಾದ ಮೇಲೆ ಅಂಗಡಿ ತೆರೆಯಲು ಅರ್ಧ ಗಂಟೆ ಉಳಿಯುತ್ತಿತ್ತು, ಸುಮ್ಮನೆ ಕೂರಲಾಗದೆ ದಿನಕ್ಕಿಷ್ಟು ಎಂದು ಸಸಿ ಮಾರುವವರ ಕೋಟು ಹೊಲಿದೆ. ಅದು ಹೇಳಿದ ದಿನಕ್ಕೆ ಸರಿಯಾಗಿ ಮುಗಿಯಿತು. ಮುಗಿದಿದೆ ಎಂದು ಹೇಳಿ ಕಳಿಸಿದರೆ ಅವರು ನಂಬದೆ ನಾಲ್ಕು ದಿನ ಬರಲೇ ಇಲ್ಲ. ಮೂವತ್ತನಾಲ್ಕು ವರ್ಷ ಕಷ್ಟಪಟ್ಟು ಗಳಿಸಿದ ಹೆಸರಿಗೆ ತಮ್ಮಿಂದಾಗಿ ಹೀಗೆ ಧಕ್ಕೆ ಬಂದಿದೆ.

ಮೂರನೆಯ ಹಣ್ಣಿನ ವಿಷಯಕ್ಕೆ ಬರುತ್ತೇನೆ. ಅದು ತಮ್ಮ ಎಡಗಡೆಯ ಮೇಲಿನ ಕೊಂಬೆಯಲ್ಲಿ ಒಂಟಿಯಾಗಿತ್ತು, ಹಿಡಿ ತುಂಬುವಷ್ಟು ದಪ್ಪ. ಮೇಜು ಬರಲು ನಾಲ್ಕು ದಿನವಿದ್ದಾಗ ಅದರ ಬಣ್ಣ ತಿರುಗಿತು. ಅಂದೇ ಕೀಳಬೇಕಿತ್ತು. ಕಪಾಟಿನಲ್ಲಿ ಹಣ್ಣಾದ ಎರಡನ್ನು ತೋರಿಸಿದರೆ, ಅಕ್ಕ ಇದು ಗಿಡದ್ದೋ ಅಂಗಡಿಯದ್ದೋ ಎಂದಾಳು, ಒಂದಾದರೂ ಗಿಡದಲ್ಲಿಯೇ ಕೆಂಪಾಗಿ ನೇತಾಡುವುದನ್ನು ಅವಳನ್ನು ಕರೆದು ತೋರಿಸಿ ಅವಳ ಕಣ್ಣೆದುರೇ ಕಿತ್ತುಕೊಡಬೇಕು ಎಂಬ ಚಪಲ ನನ್ನನ್ನು ಹಿಡಿಯಿತು. ಒಂದು ದಿನ ಬಿಟ್ಟೆ, ಎರಡು ದಿನ ಬಿಟ್ಟೆ. ಅದು ದಿನದಿಂದ ದಿನಕ್ಕೆ ಎಷ್ಟು ಚಂದವಾಗುತ್ತಿತ್ತೆಂದರೆ ನನಗೆ ಕೀಳುವ ಮನಸ್ಸೇ ಬರಲಿಲ್ಲ. ಮೇಜು ಬರುವ ಹಿಂದಿನ ದಿನ ಮಧ್ಯಾಹ್ನ, ಇನ್ಸ್‌ಪೆಕ್ಟರು ಕೊನೆಗೂ ಪ್ಯಾಂಟು ತೊಟ್ಟು ನೋಡಲು ಬಂದು ಪರದೆಯ ಹಿಂದೆ ನಿಂತಿದ್ದ ಹೊತ್ತಿನಲ್ಲಿ, ಚಾವಣಿಯ ತಗಡಿನ ಮೇಲೆ ಮಳೆ ಬಿತ್ತು.

ಅವರನ್ನು ಹಾಗೆಯೇ, ಒಂದು ಕಾಲು ಪ್ಯಾಂಟಿನೊಳಗೂ ಒಂದು ಕಾಲು ಹೊರಗೂ ಇರುವಂತೆಯೇ ಬಿಟ್ಟು ನಾನು ಕೊಡೆ ಹಿಡಿದು ಹಿತ್ತಲಿಗೆ ಓಡಿದೆ. ಒಂದೂವರೆ ಗಂಟೆ ತಮ್ಮ ನೆತ್ತಿಯ ಮೇಲೆ ಕೊಡೆ ಹಿಡಿದು ನಿಂತೆ. ನಾನು ಪೂರ್ತಿ ತೊಯ್ದೆ, ತಮ್ಮ ಮೇಲೆ ಒಂದು ಹನಿ ಬೀಳಗೊಡಲಿಲ್ಲ. ಕೊಡೆ ಹಿಡಿದ ಕೈ ಬಿಟ್ಟು ಇನ್ನೊಂದು ಕೈ ಖಾಲಿಯೇ ಇತ್ತು, ಹಣ್ಣು ಆ ಕೈಗೆ ಎಟುಕುವಷ್ಟು ಹತ್ತಿರವಿತ್ತು, ಆಗಲಾದರೂ ಕಿತ್ತುಕೊಳ್ಳಬಹುದಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಚಾವಣಿಯ ನೀರು ಇಳಿಯುವ ಕೊಳವೆಯ ಬಾಯಿ ಸರಿಯಾಗಿ ಮೂರನೆಯ ಕುಂಡದ ಬುಡಕ್ಕೇ ಇದೆ ಎಂಬುದೂ ಹೊಳೆಯಲಿಲ್ಲ. ಮೇಲೆ ನಾನು ಕೊಡೆ ಹಿಡಿದು ನಿಂತಿದ್ದಾಗ ಕೆಳಗೆ ತಾವು ಮನಸಾರೆ ಕುಡಿಯುತ್ತಿದ್ದಿರಿ. ಬೆಳಿಗ್ಗೆ ಬಂದು ನೋಡಿದರೆ ಹಣ್ಣು ಹೆಗಲಿನಿಂದ ತಳದವರೆಗೆ ಒಂದೇ ನೇರಕ್ಕೆ ಸೀಳಿತ್ತು.

ಹತ್ತು ಗಂಟೆಗೆ ಮೇಜು ಬಂತು. ಅದನ್ನು ಹೊತ್ತು ತಂದ ಇಬ್ಬರು ಬಾಗಿಲಲ್ಲಿ ನಿಂತು ಎಲ್ಲಿ ಇಳಿಸುವುದು ಎಂದು ಕೇಳಿದರು. ಅಕ್ಕ ಅವರಿಗೆ ತಡೆಯಿರಿ ಎಂದು ಕೈಸನ್ನೆ ಮಾಡಿ, ಕಾಜಾ ಹೊಲಿಯುವ ಮಣೆಯನ್ನು ಖಾಲಿ ಮಾಡಿ ನನ್ನ ಕಡೆ ನೋಡಿದಳು. ನಾನು ಮೂರೂ ಹಣ್ಣುಗಳನ್ನು ತಂದು ಸಾಲಾಗಿ ಇಟ್ಟೆ, ಮೂರನೆಯದರ ಸೀಳನ್ನು ಕೆಳಗೆ ಮಾಡಿ. ಕಲೆ ಬಿದ್ದ ಕೋಟನ್ನು ಕಲೆ ಒಳಗೆ ಬರುವಂತೆ ಮಡಚಿಕೊಡುವುದು ನನಗೆ ಗೊತ್ತಿರುವ ವಿದ್ಯೆ. ಆದರೆ ಆ ವಿದ್ಯೆಯನ್ನು ನನಗೆ ಕಲಿಸಿದವಳೇ ಅವಳು. ಮೊದಲ ಎರಡನ್ನು ಅವಳು ಮುಟ್ಟಲೂ ಇಲ್ಲ, ನೇರವಾಗಿ ಮೂರನೆಯದನ್ನು ಎತ್ತಿ ತಿರುಗಿಸಿದಳು. ಹೊತ್ತುಕೊಂಡವರಲ್ಲಿ ಒಬ್ಬರು ಭುಜ ಬದಲಿಸಿದರು.

ಅವಳು ಸೀಳನ್ನು ನೋಡಿದಳು, ನನ್ನ ಮುಖ ನೋಡಿದಳು, ಒದ್ದೆಯಾಗಿಯೇ ಮೂಲೆಯಲ್ಲಿ ನಿಂತಿದ್ದ ಕೊಡೆಯನ್ನು ನೋಡಿದಳು. ಆಮೇಲೆ ಹೆಬ್ಬೆರಳನ್ನು ಸೀಳಿನೊಳಗೆ ಇಟ್ಟು ಹಣ್ಣನ್ನು ಎರಡು ಹೋಳು ಮಾಡಿ ಒಂದನ್ನು ಬಾಯಿಗೆ ಹಾಕಿಕೊಂಡಳು. ತಮ್ಮ ಹಣ್ಣನ್ನು ಅವಳು ತಿಂದದ್ದು ಅದೇ ಮೊದಲು. ನಾನೂ ಅಲ್ಲಿಯವರೆಗೆ ಒಂದನ್ನೂ ತಿಂದಿರಲಿಲ್ಲ. ಒಡೆದ ಮಾಲನ್ನು ಗಿರಾಕಿಗಳು ಕಂಡರೆ ಅಂಗಡಿಯ ಮಾನ ಹೋಗುತ್ತದೆಂದು, ಹಳೆಯ ಕಾಗದದಲ್ಲಿ ಸುತ್ತಿ ಬೀದಿ ಕೊನೆಯ ತೊಟ್ಟಿಗೆ ಹಾಕಿ ಬರುತ್ತಿದ್ದೆ. ಅಕ್ಕ ಕಣ್ಣುಮುಚ್ಚಿ ಅಗಿದು ನುಂಗಿ, ಎರಡನೆಯ ಹೋಳನ್ನೂ ತಿಂದು, ಕೈ ಒರೆಸಿಕೊಂಡು ಕೇಳಿದಳು: “ಹಿಂದೆ ಒಡೆದಿದ್ದೆಲ್ಲ ಎಲ್ಲಿ?”

ಹೇಳಿದೆ.

“ನಲವತ್ತೊಂದೂನಾ?” ಎಂದಳು. ಮೂವತ್ತನಾಲ್ಕು ವರ್ಷದಲ್ಲಿ ನಾನು ಹಾಳುಮಾಡಿದ ಬಟ್ಟೆಗಳಿಗೆಲ್ಲ ಸೇರಿಸಿಯೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಮಾನ್ಯರೇ, ಆ ಕ್ಷಣದಲ್ಲಿ ನನಗೆ ನಿಜವಾಗಿಯೂ ನಾಚಿಕೆಯಾಯಿತು, ಷರತ್ತು ಸೋತದ್ದಕ್ಕಲ್ಲ.

ಆಮೇಲೆ ಅವಳು ಹೊತ್ತು ನಿಂತವರನ್ನು ಒಳಗೆ ಕರೆದು, ಮೇಜನ್ನು ತನ್ನ ಕಿಟಕಿಯ ಪಕ್ಕದಲ್ಲಿ ಇಳಿಸಲು ಹೇಳಿದಳು. ಇಪ್ಪತ್ತಾರು ವರ್ಷದಿಂದ ಅವಳು ಕುಳಿತ ಜಾಗ ಅದು. ನೆಲದ ಮೇಲೆ ಸ್ಟೂಲಿನ ನಾಲ್ಕು ಕಾಲಿನ ಗುರುತು ಬಿದ್ದಿದೆ. ನಾನು ಬೇಡ ಎಂದೆ, ಸೋತವನು ನಾನು, ಕುಂಡ ತೆಗೆಯುತ್ತೇನೆ ಎಂದೆ. ಅವಳು ಸ್ಟೂಲನ್ನು ಎತ್ತಿಕೊಂಡು ಹಿಂಬಾಗಿಲ ಕಡೆ ನಡೆದಳು. “ಸೋತಿದೀಯ ತಾನೆ? ಹಾಗಾದ್ರೆ ಹಿತ್ತಲು ನಂದು. ಕುಂಡಾನೂ ನಂದು. ನಾನು ಇಲ್ಲೇ ಕೂತು ಕಾಜಾ ಹೊಲಿತೀನಿ. ನೀನು ನೀರಿನ ಮಗ್ಗು ಮುಟ್ಟಬೇಡ,” ಎಂದಳು. ಸ್ಟೂಲನ್ನು ಎರಡನೆಯ ಮತ್ತು ಮೂರನೆಯ ಕುಂಡಗಳ ನಡುವೆ ಇಟ್ಟಳು.

ಹೀಗೆ ತಾವು ಈ ಪತ್ರ ಓದುವ ಹೊತ್ತಿಗೆ ಮಾಲೀಕರು ಬದಲಾಗಿದ್ದಾರೆ. ಆರು ಕುಂಡಗಳೂ ಇದ್ದಲ್ಲಿಯೇ ಇವೆ, ನನ್ನವಲ್ಲ ಅಷ್ಟೆ. ಇಸ್ತ್ರಿಯ ಹಬೆ ದಿನವಿಡೀ ನನ್ನ ಕನ್ನಡಕವನ್ನು ಮಂಜು ಮಾಡುತ್ತದೆ. ಕನ್ನಡಕ ಒರೆಸಿಕೊಂಡು ಹಿಂಬಾಗಿಲಿನಿಂದ ನೋಡಿದರೆ ಅಕ್ಕನ ಬೆನ್ನು ಕಾಣುತ್ತದೆ, ಪಕ್ಕದಲ್ಲಿ ಒಂದು ಉಪ್ಪಿನ ಬಟ್ಟಲು. ಅವಳು ಬಿರಿದ ಹಣ್ಣನ್ನು ಕಂಡ ಕೂಡಲೇ ಕಿತ್ತು, ಬೂಷ್ಟು ಹಿಡಿಯಲು ಸಮಯ ಕೊಡದೆ, ನಿಂತಲ್ಲಿಯೇ ತಿಂದುಬಿಡುತ್ತಾಳೆ. ನನಗೆ ಒಂದು ಚೂರೂ ಕೊಡುವುದಿಲ್ಲ. ಕೇಳಿದರೆ, ನಲವತ್ತೊಂದು ತೀರಲಿ, ಆಮೇಲೆ ನೋಡೋಣ ಎನ್ನುತ್ತಾಳೆ. ನಿನ್ನೆಗೆ ಹದಿಮೂರಾಯಿತು, ಅದರಲ್ಲಿ ಹತ್ತು ಆ ಮಳೆಯ ನೀರು ಕುಡಿದು ಮೊದಲೆರಡು ದಿನದಲ್ಲೇ ಬಿರಿದವು. ದಿನಾ ಸಮನಾಗಿ ನೀರು ಬೀಳುತ್ತಿರುವುದರಿಂದ ಈಗ ವಾರಕ್ಕೆ ಎರಡೋ ಮೂರೋ ಮಾತ್ರ ಬಿರಿಯುತ್ತವೆ. ಹೀಗಾದರೆ ನನ್ನ ಸರದಿ ಬರುವುದು ಯಾವಾಗ?

ಆದ್ದರಿಂದ, ಮಾನ್ಯರೇ, ಮೇಲೆ ಸವಿಸ್ತಾರವಾಗಿ ಮಾಡಿದ ಎಲ್ಲ ವಿನಂತಿಗಳನ್ನೂ ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಇಲಾಸ್ಟಿಕ್ ಬೇಡ, ಒಳಗೆ ಬಟ್ಟೆ ಬಿಡುವುದೂ ಬೇಡ. ತಮ್ಮ ಹಳೆಯ ಬಿಗಿ ಹೊಲಿಗೆಯನ್ನೇ ಮುಂದುವರಿಸಿ, ಆದಷ್ಟು ಬೇಗ ಇಪ್ಪತ್ತೆಂಟು ಹಣ್ಣುಗಳನ್ನು ಬಿರಿಸಿಕೊಡಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇನೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದರ್ಜಿ,
(ಹಿತ್ತಲ ಈಗಿನ ಮಾಲೀಕರ ತಮ್ಮ)

ಪ್ರತಿಗಳು: ಸಸಿ ಮಾರುವವರಿಗೆ, ಅವರ ಹೊಸ ಕೋಟಿನ ಎಡಜೇಬಿನಲ್ಲಿ. ಅಕ್ಕನಿಗೆ ಕಳಿಸಿಲ್ಲ, ಅವಳು ನನ್ನ ಹೆಗಲ ಮೇಲಿನಿಂದ ಓದಿಯಾಗಿದೆ.

ವಿ.ಸೂ.: ಕಪಾಟಿನಲ್ಲಿ ಹಣ್ಣಾದ ಆ ಎರಡು ನಿಷ್ಕಳಂಕ ಹಣ್ಣುಗಳನ್ನು ಅಕ್ಕ ನನಗೇ ಬಿಟ್ಟುಕೊಟ್ಟಳು. ಒಂದು ವಾರ ನೋಡಿ ನೋಡಿ ಇಟ್ಟುಕೊಂಡಿದ್ದು, ನಿನ್ನೆ ಕೊಯ್ದು ತಿಂದೆ. ಹೊಲಿಗೆಯಲ್ಲಿ ಒಂದು ತಪ್ಪು ಹುಡುಕಲೂ ಆಗದಷ್ಟು ಅಚ್ಚುಕಟ್ಟು ಕೆಲಸ, ಅಭಿನಂದನೆಗಳು. ಉಪ್ಪು ಹಾಕಿದೆ, ಮೆಣಸಿನ ಪುಡಿ ಹಾಕಿದೆ, ಆದರೂ ಸಪ್ಪೆ. ಅಕ್ಕ ಒಂದು ಚೂರು ಬಾಯಿಗಿಟ್ಟು ನೋಡಿ, ಉಳಿದದ್ದನ್ನು ಮಾತಿಲ್ಲದೆ ನನ್ನ ಕಡೆಗೇ ತಳ್ಳಿದಳು.